ಬ್ರಾಲೋ ಚೇರುಮೀನೋ? ಬಣ್ಣ ಬಿಡಿ, ರೆಕ್ಕೆ ನೋಡಿ

ಕಾಸರಗೋಡಿನ ನಮ್ಮ ಕಡೆ ತೋಡಿನಲ್ಲಿ, ಗದ್ದೆ ಬದಿಯ ಹೊಂಡದಲ್ಲಿ, ತೋಟದ ಕೆರೆಯಲ್ಲಿ ಹಾವಿನ ತಲೆಯಂಥ ಮೀನು ಯಾವುದು ಸಿಕ್ಕಿದರೂ ಜನ ಬ್ರಾಲ್ ಅಂದುಬಿಡುತ್ತಾರೆ. ಬ್ರಾಲ್ ಎಂದರೆ ಚನ್ನಾ ಸ್ಟ್ರಿಯಾಟಾ. ಆದರೆ ಸಿಕ್ಕಿದ್ದು ಅದೇ ಕುಲದ ಚೇರುಮೀನು, ಚನ್ನಾ ಗಚುವಾ ಅಥವಾ ಚನ್ನಾ ಪಂಕ್ಟಾಟಾದಂಥ ಬೇರೆ ಜಾತಿಯದೂ ಆಗಿರಬಹುದು ಅಲ್ವಾ? ಗುರುತು ಹಿಡಿಯಲು ನಾನು ಬಣ್ಣ, ಬೊಟ್ಟು, ರೆಕ್ಕೆ ಎಲ್ಲವನ್ನೂ ನೋಡಿದ್ದೇನೆ. ಎಲ್ಲಕ್ಕೂ ಒಂದೇ ಬೆಲೆ ಕೊಡುವ ಹಾಗಿಲ್ಲ.

ಬಣ್ಣವನ್ನಂತೂ ನಂಬಬೇಡಿ. ಕೆಸರು ನೀರಿನಲ್ಲಿ ಕಪ್ಪಗಿದ್ದ ಮೀನನ್ನು ಬಿಳಿ ಬಕೆಟಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮೈ ತಿಳಿಯಾಗುತ್ತದೆ. ಉದ್ದ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಚನ್ನಾ ಗಚುವಾ ಒಂದು ಗೇಣು ದಾಟುವುದು ಅಪರೂಪ. ಹಾಗಾಗಿ ಮೊಳದುದ್ದದ್ದು ಗಚುವಾ ಅಲ್ಲ, ಆದರೆ ಗೇಣುದ್ದದ್ದು ಬ್ರಾಲ್ ಮರಿಯೂ ಆಗಿರಬಹುದು.

ಕಣ್ಣಿನಂಥ ಕಪ್ಪು ಬೊಟ್ಟು ಒಳ್ಳೆಯ ಗುರುತು, ಎಲ್ಲಿದೆ ಎಂದು ನೋಡಿದರೆ ಮಾತ್ರ. ಬಾಲದ ಬುಡದಲ್ಲಿ, ಮೇಲ್ಭಾಗದಲ್ಲಿ, ಕಿತ್ತಳೆ ಅಂಚಿನ ಬೊಟ್ಟಿದ್ದರೆ ಚೇರುಮೀನಿನ ಕಡೆಯದು. ಬೆನ್ನಿನ ರೆಕ್ಕೆಯ ಹಿಂತುದಿಯಲ್ಲಿದ್ದರೆ ಅದು ಗಚುವಾ ಮರಿ ಅಥವಾ ಬ್ರಾಲ್ ಮರಿ, ಏಕೆಂದರೆ ಈ ಎರಡರಲ್ಲೂ ಚಿಕ್ಕದಿರುವಾಗ ಅಲ್ಲಿ ಬೊಟ್ಟು ಇರುವುದುಂಟು.

ಈ ಎರಡನ್ನು ಬೇರೆ ಮಾಡಲು ನನಗೆ ಅತಿ ಹೆಚ್ಚು ನೆರವಾಗಿರುವುದು ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ. ಮೀನನ್ನು ಒದ್ದೆ ಕೈಯಲ್ಲಿ ಮಗುಚಿ ಹಿಡಿಯಿರಿ. ಕಿವಿರಿನ ಹಿಂದಿನ ರೆಕ್ಕೆಯ ಪಕ್ಕಕ್ಕೆ ಹೊಟ್ಟೆಯ ರೆಕ್ಕೆಯನ್ನು ಇಟ್ಟು ನೋಡಿ. ಗಚುವಾದಲ್ಲಿ ಇದು ತೀರಾ ಮೋಟು, ಅದರ ಅರ್ಧವೂ ಬರುವುದಿಲ್ಲ. ಬ್ರಾಲ್‌ನಲ್ಲಿ ಅರ್ಧಕ್ಕಿಂತ ಚೆನ್ನಾಗಿಯೇ ಉದ್ದ. ಜೊತೆಗೆ ಗಚುವಾದ ಬೆನ್ನು, ಬಾಲದ ರೆಕ್ಕೆಗಳಿಗೆ ಸೀರೆಗೆ ಅಂಚು ಹೊಲಿದಂತೆ ಕಿತ್ತಳೆ ಗೆರೆ. ಬ್ರಾಲ್‌ಗೆ ಅದಿಲ್ಲ, ಬದಲಿಗೆ ಬಿಳಿ ಹೊಟ್ಟೆಯ ಮೇಲೆ ಬದಿಯಿಂದ ಇಳಿಯುವ ಓರೆ ಕಪ್ಪು ಪಟ್ಟೆಗಳು.

ರೆಕ್ಕೆಯನ್ನು ಹಿಡಿದಿರುವ ಸಣ್ಣ ಕಡ್ಡಿಗಳನ್ನು ಎಣಿಸುವುದು ಎಲ್ಲಕ್ಕಿಂತ ಖಚಿತ, ಆದರೆ ಜೀವಂತ ಮೀನಿನಲ್ಲಿ ತುಂಬಾ ಕಷ್ಟ. ಬೆನ್ನಿನ ರೆಕ್ಕೆಯಲ್ಲಿ ಬ್ರಾಲ್‌ಗೆ 40ರ ಆಸುಪಾಸು, ಚೇರುಮೀನಿಗೆ ಸಾಮಾನ್ಯವಾಗಿ 45 ದಾಟುತ್ತದೆ. ಚನ್ನಾ ಪಂಕ್ಟಾಟಾದಲ್ಲಿ ಸುಮಾರು 30. ಪಂಕ್ಟಾಟಾ ಮೈಮೇಲೆ ಕಪ್ಪು ಚುಕ್ಕೆಗಳಿದ್ದರೆ ಸುಲಭ, ಮಾಸಿದ್ದರೆ ಎಣಿಸಲೇಬೇಕು.

ಚೇರುಮೀನಿನ ಬಗ್ಗೆ ಇನ್ನೊಂದು ಮಾತು. ನಮ್ಮ ಪಶ್ಚಿಮ ಘಟ್ಟದ ಕಡೆಯದನ್ನು ಬಹಳ ಕಾಲ ಸುಮ್ನೆ ಚನ್ನಾ ಮರುಲಿಯಸ್ ಎಂದೇ ಕರೆಯುತ್ತಿದ್ದರು. 2017ರಲ್ಲಿ ಸಂಶೋಧಕರು ಅದು ಚನ್ನಾ ಸ್ಯೂಡೊಮರುಲಿಯಸ್ ಎಂಬ ಬೇರೆಯೇ ಜಾತಿ ಎಂದು ತೋರಿಸಿದರು. ಹಾಗಾಗಿ ಪುಸ್ತಕದ ಹಳೆ ಹೆಸರನ್ನು ಕಣ್ಣುಮುಚ್ಚಿ ಬರೆಯಬೇಡಿ.

ಯಾರನ್ನಾದರೂ ಕೇಳಲು ಫೋಟೊ ತೆಗೆಯುವುದಾದರೆ ಬಾಲದ ಬುಡ, ಹೊಟ್ಟೆಯ ರೆಕ್ಕೆ, ಬಿಡಿಸಿದ ಬೆನ್ನಿನ ರೆಕ್ಕೆ ಮೂರೂ ಕಾಣಲಿ. ಕೆಂಪು ಮರಿಗಳ ಗುಂಪಿನ ಕೆಳಗೆ ಕಾವಲು ಕಾಯುತ್ತಿರುವ ದೊಡ್ಡ ಮೀನನ್ನು ಮಾತ್ರ ಹಿಡಿಯಬೇಡಿ, ಅದು ಹೋದರೆ ಮರಿಗಳು ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ.