ಟ್ರಿಣ್ ಟ್ರಿಣ್ ಸೈಕಲ್ ಸೇವೆ: ಸವಾರಿಯಲ್ಲಿ ರಸ್ತೆಯ ಪಾಲೆಷ್ಟು?

ಮೈಸೂರಿನ ಸಾರ್ವಜನಿಕ ಸೈಕಲ್ ಸೇವೆ ‘ಟ್ರಿಣ್ ಟ್ರಿಣ್’ 2017ರ ಜೂನ್‌ನಲ್ಲಿ ಆರಂಭವಾದಾಗ ಅದರ ಬಳಿ 450 ಸೈಕಲ್‌ಗಳಿದ್ದವು; ಅರಮನೆ, ಬಸ್ ನಿಲ್ದಾಣ, ಮೃಗಾಲಯ, ವಿಶ್ವವಿದ್ಯಾನಿಲಯದ ಆವರಣ ಎಂದು ನಗರದಲ್ಲಿ 50ರ ಆಸುಪಾಸಿನಷ್ಟು ಡಾಕಿಂಗ್ ನಿಲ್ದಾಣಗಳು, ಅಂದರೆ ಸೈಕಲ್ಲನ್ನು ಬೀಗಕ್ಕೆ ಸಿಕ್ಕಿಸಿ ನಿಲ್ಲಿಸುವ ತಾಣಗಳು, ಹರಡಿಕೊಂಡಿದ್ದವು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯದ ಮುತುವರ್ಜಿಯಿಂದ ರೂಪುಗೊಂಡ ಈ ಸೇವೆ, ದೊಡ್ಡ ಮಹಾನಗರವೊಂದರಲ್ಲಿ ಅಲ್ಲದೆ ನಮ್ಮ ಮೈಸೂರಿನಲ್ಲಿ ಮೊದಲು ನೆಲೆಯೂರಿತೆಂಬುದು ಹೆಮ್ಮೆಯ ಸಂಗತಿಯೇ ಸರಿ. ಸೈಕಲ್ಲನ್ನು ಬಾಡಿಗೆಗೆ ಕೊಡುವ ವ್ಯವಸ್ಥೆಯಾಗಿ ಇದರ ಕಲ್ಪನೆ ಅಚ್ಚುಕಟ್ಟಾಗಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಸವಾರನನ್ನು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಕ್ಷೇಮವಾಗಿ ಮುಟ್ಟಿಸುವ ಹೊಣೆ ರಸ್ತೆಯದ್ದು. ಆ ಹೊಣೆಯನ್ನು ಮೈಸೂರಿನ ರಸ್ತೆಗಳು ಇನ್ನೂ ಪೂರ್ತಿಯಾಗಿ ಹೊತ್ತಿಲ್ಲ.

ಮೊದಲು ಸೇವೆಯ ವಿಚಾರ. ಸೇವೆ ಶುರುವಾದಾಗ ಸದಸ್ಯತ್ವದ ಕಾರ್ಡನ್ನು ತೋರಿಸಿದರೆ ಬೀಗ ತೆರೆದುಕೊಳ್ಳುತ್ತಿತ್ತು, ಸವಾರಿ ಮುಗಿದ ಮೇಲೆ ಯಾವ ನಿಲ್ದಾಣದಲ್ಲಾದರೂ ಸೈಕಲ್ಲನ್ನು ಸಿಕ್ಕಿಸಿ ಹೊರಡಬಹುದಿತ್ತು. ಆರಂಭದಲ್ಲಿ ಸದಸ್ಯತ್ವಕ್ಕೆಂದು ಪಡೆಯುತ್ತಿದ್ದ 350 ರೂಪಾಯಿಯಲ್ಲಿ 250 ರೂಪಾಯಿ ಮರಳಿ ಸಿಗುವ ಠೇವಣಿಯೇ ಆಗಿತ್ತು. ಆಟೋ ಬಾಡಿಗೆಗೆ ಹೋಲಿಸಿದರೆ ಇದು ವಿದ್ಯಾರ್ಥಿಗೂ ನಿವೃತ್ತರಿಗೂ ಕೈಗೆಟಕುವ ಲೆಕ್ಕ. ಇಲ್ಲಿ ಹೆಚ್ಚಿನವರು ಗಮನಿಸದ ಗುಣವೊಂದಿದೆ. ಎಲ್ಲೆಂದರಲ್ಲಿ ಬಿಟ್ಟುಹೋಗಬಹುದಾದ ಆ್ಯಪ್ ಆಧಾರಿತ ಬಾಡಿಗೆ ಸೈಕಲ್‌ಗಳು ಕೆಲವೇ ದಿನಗಳಲ್ಲಿ ಪಾದಚಾರಿ ಮಾರ್ಗದ ಮೇಲೆ ಅಡ್ಡಬಿದ್ದು, ಕಣ್ಣು ಕಾಣದವರಿಗೂ ಗಾಲಿಕುರ್ಚಿಯಲ್ಲಿ ಸಾಗುವವರಿಗೂ ಮಗುವಿನ ಗಾಡಿ ತಳ್ಳುವ ತಾಯಂದಿರಿಗೂ ತಡೆಯಾಗುತ್ತವೆ. ಡಾಕಿಂಗ್ ವ್ಯವಸ್ಥೆಯಲ್ಲಿ ಸೈಕಲ್‌ಗೆ ಒಂದು ಗೊತ್ತಾದ ಜಾಗವಿರುವುದರಿಂದ ಆ ತೊಂದರೆ ತಾನಾಗಿಯೇ ತಪ್ಪುತ್ತದೆ. ಸವಾರನ ಅನುಕೂಲವೂ ನಡೆಯುವವರ ಸುರಕ್ಷತೆಯೂ ಒಂದೇ ವಿನ್ಯಾಸದಲ್ಲಿ ಕೂಡಿಬಂದಿರುವುದು ಸಣ್ಣ ಮಾತಲ್ಲ.

ಹಾಗಿದ್ದರೂ ನಿಲ್ದಾಣವನ್ನು ಎಲ್ಲಿ ಕೂರಿಸಬೇಕೆಂಬುದು ಬಹಳ ಯೋಚಿಸಿ ತೀರ್ಮಾನಿಸಬೇಕಾದ ಸಂಗತಿ. ಡಾಕಿಂಗ್ ಕಂಬಗಳ ಸಾಲನ್ನು ಪಾದಚಾರಿ ಮಾರ್ಗದ ಮೇಲೆಯೇ ನಿಲ್ಲಿಸಿದರೆ, ಸೈಕಲ್ಲಿನ ಹಿಂಚಕ್ರದವರೆಗಿನ ಉದ್ದವನ್ನೂ ಸೇರಿಸಿ ಸುಮಾರು ಎರಡು ಮೀಟರ್ ಅಗಲ ನಡೆಯುವವರ ಪಾಲಿನಿಂದ ಕಳೆದುಹೋಗುತ್ತದೆ. ಅದರ ಬದಲು ರಸ್ತೆಯ ಅಂಚಿನಲ್ಲಿ ಒಂದು ಕಾರು ನಿಲ್ಲುವ ಜಾಗವನ್ನು, ಅಂದರೆ ಸುಮಾರು 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ನೆಲವನ್ನು ಬಿಡಿಸಿಕೊಟ್ಟರೆ, ಅಲ್ಲಿ ಎಂಟು ಸೈಕಲ್‌ಗಳು ಸಲೀಸಾಗಿ ನಿಲ್ಲುತ್ತವೆ. ಇದರಿಂದ ಇನ್ನೊಂದು ಲಾಭವೂ ಇದೆ. ಅಡ್ಡರಸ್ತೆಯ ಮೂಲೆಗೆ ತಾಗಿದಂತೆ ಕಾರೋ ವ್ಯಾನೋ ನಿಂತಿದ್ದರೆ ರಸ್ತೆ ದಾಟಲು ಬಂದ ಮಗು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಅದೇ ಜಾಗದಲ್ಲಿ ಸೈಕಲ್‌ಗಳ ಸಾಲಿದ್ದರೆ ಅದರ ಮೇಲಿನಿಂದ ಮಗುವಿನ ತಲೆ ಕಾಣುತ್ತದೆ. ಹೊಸ ನಿಲ್ದಾಣಗಳನ್ನು ಸ್ಥಾಪಿಸುವವರು ಇದನ್ನು ನಿಯಮವಾಗಿಯೇ ಪಾಲಿಸಬೇಕೆಂದು ನನ್ನ ಒತ್ತಾಯ.

ಸವಾರಿ ಹೇಗಿರುತ್ತದೆ? ಬೆಳಗಿನ ಹೊತ್ತು ಮಾನಸಗಂಗೋತ್ರಿಯ ಮರಗಳ ನೆರಳಿನಲ್ಲಿ, ಕುಕ್ಕರಹಳ್ಳಿ ಕೆರೆಯ ಕಡೆ ಸಾಗುವಾಗ ಇದಕ್ಕಿಂತ ಹಿತವಾದ ಸಂಚಾರ ಇನ್ನೊಂದಿಲ್ಲ ಎನಿಸುತ್ತದೆ. ಹೊರಡುವ ಮುನ್ನ ಆಸನದ ಎತ್ತರ ಸರಿಪಡಿಸಿಕೊಂಡು, ಎರಡೂ ಬ್ರೇಕ್ ಹಿಡಿದು ನೋಡಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಗಂಟೆ ಬಾರಿಸಿ ಪರೀಕ್ಷಿಸುವುದು ಯಾವ ಹಂಚಿಕೆಯ ಸೈಕಲ್‌ಗೂ ಅಗತ್ಯ. ಹಲವರ ಕೈಯಲ್ಲಿ ಓಡಾಡುವ ವಾಹನವದು.

ಕಷ್ಟ ಶುರುವಾಗುವುದು ವೃತ್ತಗಳಲ್ಲಿ. ಮೈಸೂರಿನ ಅಂದ ಅದರ ವೃತ್ತಗಳಲ್ಲಿದೆ, ಸೈಕಲ್ ಸವಾರನ ಎದೆಬಡಿತ ಏರುವುದೂ ಅಲ್ಲಿಯೇ. ನೇರವಾಗಿ ಹೋಗಬೇಕಾದ ಸವಾರ ವೃತ್ತದ ಎಡ ಅಂಚನ್ನು ಹಿಡಿದು ಸಾಗುತ್ತಿರುವಾಗ, ಅವನ ಬಲಬದಿಯಲ್ಲಿ ಬಂದ ಬಸ್ಸು ಎಡಕ್ಕಿರುವ ರಸ್ತೆಗೆ ಹೊರಳಿದರೆ ಸೈಕಲ್ ನೇರವಾಗಿ ಅದರ ಹಿಂಚಕ್ರದ ಹಾದಿಗೆ ಸಿಲುಕುತ್ತದೆ. ಸಂಜೆಯ ದಟ್ಟಣೆಯಲ್ಲಿ ಒಮ್ಮೆ ನಾನು ಹೀಗೆ ಸಾಗುತ್ತಿದ್ದಾಗ, ಪಕ್ಕದಲ್ಲಿದ್ದ ಬಸ್ಸಿನ ಕಂಡಕ್ಟರ್ ಹಿಂಬಾಗಿಲಿನಿಂದ ಕೈಚಾಚಿ ನಿಲ್ಲುವಂತೆ ಸನ್ನೆ ಮಾಡಿ, ಒಂದು ಸಲ ಸೀಟಿ ಊದಿ ಬಸ್ಸನ್ನು ತಡೆದು ನನ್ನನ್ನು ಮುಂದೆ ಬಿಟ್ಟರು. ಆ ಮನುಷ್ಯನಿಗೆ ನಾನು ಋಣಿ. ಆದರೆ ಒಬ್ಬ ಕಂಡಕ್ಟರ್‌ನ ಎಚ್ಚರ, ಒಬ್ಬ ಚಾಲಕನ ಸಜ್ಜನಿಕೆ ಇವುಗಳನ್ನೇ ನಂಬಿಕೊಂಡು ಶಾಲಾ ಮಕ್ಕಳನ್ನು ಸೈಕಲ್ ಮೇಲೆ ಕಳುಹಿಸಲಾಗದು. ರಸ್ತೆಯ ರಚನೆಯೇ ಅವರನ್ನು ಕಾಯಬೇಕು.

ಅದಕ್ಕೆ ದಾರಿ ಇಲ್ಲದೆ ಇಲ್ಲ. ನೆದರ್‌ಲ್ಯಾಂಡ್ಸ್‌ನ ಊರುಗಳಲ್ಲಿ ಸೈಕಲ್ ಹಾಗೂ ಪಾದಚಾರಿಗಳು ದಾಟುವ ಪಟ್ಟೆಯನ್ನು ವೃತ್ತದ ಅಂಚಿಗೆ ಹಚ್ಚದೆ, ಒಂದು ಕಾರಿನ ಉದ್ದದಷ್ಟು, ಅಂದರೆ ಸುಮಾರು 5 ಮೀಟರ್ ಹಿಂದಕ್ಕೆ ಸರಿಸಿರುತ್ತಾರೆ. ಹೊರಳುವ ಚಾಲಕ ಅಲ್ಲಿಗೆ ಬರುವಷ್ಟರಲ್ಲಿ ವಾಹನ ನೇರವಾಗಿರುತ್ತದೆ, ದಾಟುವವರು ಪಕ್ಕದ ಕನ್ನಡಿಯ ಮೂಲೆಯಲ್ಲಿ ಅಲ್ಲ, ಮುಂಗಾಜಿನ ಎದುರಿಗೇ ಕಾಣುತ್ತಾರೆ. ಜೊತೆಗೆ ವೃತ್ತಕ್ಕೆ ಸೇರುವ ರಸ್ತೆಗಳ ಬಾಯನ್ನು ಕಿರಿದುಗೊಳಿಸಿ, ಮೂಲೆಯ ಅಂಚುಗಲ್ಲುಗಳನ್ನು ವಿಶಾಲವಾಗಿ ಬಾಗಿಸದೆ ಬಿಗಿಯಾಗಿ ತಿರುಗಿಸಿದರೆ, ವೇಗ ಇಳಿಸದೆ ಯಾರೂ ಹೊರಳಲಾರರು. ಪಾರಂಪರಿಕ ವೃತ್ತಗಳ ಕಲ್ಲು ಕಟ್ಟಡವನ್ನು ಮುಟ್ಟದೆ, ಹೊರ ಅಂಚಿನಲ್ಲಿಯೇ ಇಷ್ಟನ್ನೂ ಮಾಡಬಹುದು.

ವೇಗದ ಮಾತು ಬಂದಿತು. ಚಾಲಕನಿಗೆ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯುತ್ತದೆಂದು ಇಟ್ಟುಕೊಂಡರೆ, ಒಣ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ನಿಲ್ಲಲು ಸುಮಾರು 13 ಮೀಟರ್ ಬೇಕು. 50 ಕಿಲೋಮೀಟರ್ ವೇಗದಲ್ಲಿ ಸುಮಾರು 28 ಮೀಟರ್ ಬೇಕು. ಅಂದರೆ ಮೊದಲನೆಯ ಕಾರು ಪೂರ್ತಿ ನಿಂತುಬಿಡುವ ಜಾಗದಲ್ಲಿ ಎರಡನೆಯ ಕಾರು ಇನ್ನೂ ಬ್ರೇಕ್ ಹಿಡಿಯುವುದಕ್ಕೇ ಆರಂಭಿಸಿರುವುದಿಲ್ಲ. ವಾಹನಗಳೂ ನಡೆಯುವವರೂ ಬೆರೆಯುವ ಕಡೆ 30 ಕಿಲೋಮೀಟರ್ ಮಿತಿ ಇರಲೆಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದಲ್ಲಿ ಹೊರಬಂದ 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಸುಮ್ಮನೆ ಅಲ್ಲ. ದೇವರಾಜ ಮಾರುಕಟ್ಟೆಯ ಸುತ್ತಿನ ರಸ್ತೆಗಳಲ್ಲಿ ಇದಕ್ಕಿಂತ ಹೆಚ್ಚಿನ ವೇಗದಿಂದ ಯಾರಿಗೂ ಆಗಬೇಕಾದ್ದೇನೂ ಇಲ್ಲ.

ಪಾದಚಾರಿ ಮಾರ್ಗದ ಅಳತೆಯನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿಲಿಮೀಟರ್ ಮೀರಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯೇ ತಿಳಿಸಿತ್ತು. ಎತ್ತರದ ನಿಯಮವನ್ನು ಕಡೆಗಣಿಸಿ ಮೊಣಕಾಲಿನವರೆಗೆ ಏರಿಸಿದ ಕಲ್ಲುಹಾಸನ್ನು, ಪ್ರತಿ ಗೇಟಿನ ಮುಂದೆಯೂ ಕತ್ತರಿಸಿ ಇಳಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಅಂಥದ್ದನ್ನು ಎರಡು ಬಾರಿ ಹತ್ತಿ ಇಳಿದು, ಮೂರನೆಯ ಬಾರಿಗೆ ಸೋತು, ರಸ್ತೆಗೇ ಇಳಿದು ನಡೆಯುತ್ತಾರೆ. ಆಗ ಅವರು ಸೈಕಲ್ಲಿನ ಹಾದಿಗೆ ಬರುತ್ತಾರೆ, ಸೈಕಲ್ ಬಸ್ಸಿನ ಹಾದಿಗೆ ಸರಿಯುತ್ತದೆ. ನಡೆಯುವವರ ದಾರಿ ಸರಿಯಾದರೆ ಸೈಕಲ್ಲಿನ ದಾರಿಯೂ ಮುಕ್ಕಾಲು ಪಾಲು ಸರಿಯಾದಂತೆ.

ಮೈಸೂರಿಗೆ ಇನ್ನೊಂದು ಅನುಕೂಲವಿದೆ. ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಚಾಮರಾಜಪುರಂನಂಥ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ, ಅಂದರೆ ಒಂದು ಕಾಲದಲ್ಲಿ ಶೌಚ-ಕಸ ಸಾಗಿಸಲೆಂದು ಬಿಟ್ಟಿದ್ದ ಕಿರುದಾರಿಗಳು. ಅವುಗಳಿಗೆ ದೀಪ ಹಾಕಿಸಿ, ಕಸ ತೆಗೆಸಿ, ನೆಲ ಸಮಗೊಳಿಸಿ, ಎರಡೂ ತುದಿಗಳಲ್ಲಿ ಮೋಟಾರು ವಾಹನ ನುಗ್ಗದಂತೆ ಗೂಟ ನೆಟ್ಟರೆ, ಶಾಲೆಗೂ ಮಾರುಕಟ್ಟೆಗೂ ಹೋಗಲು ದೊಡ್ಡ ರಸ್ತೆಯನ್ನೇ ಮೆಟ್ಟದ ದಾರಿ ಸಿದ್ಧವಾಗುತ್ತದೆ. ಆಸ್ತಿ ಸ್ವಾಧೀನದ ಗೋಜಿಲ್ಲ, ಮರ ಕಡಿಯುವ ಪ್ರಮೇಯವೂ ಇಲ್ಲ. ಅಂಥ ಗಲ್ಲಿಯ ಬಾಯಲ್ಲಿ ಒಂದೊಂದು ಟ್ರಿಣ್ ಟ್ರಿಣ್ ನಿಲ್ದಾಣವಿದ್ದರೆ ಈ ಸೇವೆ ಪ್ರವಾಸಿಗರ ವಿನೋದದಿಂದ ಊರಿನವರ ದಿನಬಳಕೆಗೆ ಬರುತ್ತದೆ.

ಸದ್ಯಕ್ಕೆ, ಸೈಕಲ್ ಅಭ್ಯಾಸವಿರುವ ವಯಸ್ಕರಿಗೆ, ವಿಶ್ವವಿದ್ಯಾನಿಲಯದ ಆಸುಪಾಸಿನ ವಿದ್ಯಾರ್ಥಿಗಳಿಗೆ, ಬೆಳಗಿನ ಹೊತ್ತು ಊರು ನೋಡಬಯಸುವವರಿಗೆ ಈ ಸೇವೆಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಸಂಜೆ ಐದರಿಂದ ಎಂಟರವರೆಗೆ ನಡು ಊರಿನ ವೃತ್ತಗಳನ್ನು ತಪ್ಪಿಸಿ ಹೋಗುವುದು ಮೇಲು. ಅನಿವಾರ್ಯವಾದರೆ ಇಳಿದು, ಸೈಕಲ್ ತಳ್ಳಿಕೊಂಡು ಜೀಬ್ರಾ ಪಟ್ಟೆಯ ಮೇಲೆ ದಾಟಿರಿ. ಆಗಷ್ಟೇ ಕಲಿತ ಮಕ್ಕಳನ್ನು ಮಾತ್ರ ಕ್ಯಾಂಪಸ್‌ನಂಥ ಶಾಂತ ಜಾಗಗಳಾಚೆ ಒಂಟಿಯಾಗಿ ಕಳುಹಿಸಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.