ಮಲೆನಾಡಿನ ಮಳೆಯ ಅಧ್ಯಯನಕ್ಕೆ ಅಳತೆಯ ದಾಖಲೆಯೋ, ಹವಾಮಾನ ಮಾದರಿಯೋ?

ಮಲೆನಾಡಿನ ಮಳೆ ಬದಲಾಗಿದೆಯೇ ಎಂದು ತಿಳಿಯಲು ಮಳೆಮಾಪಕಗಳ ದಾಖಲೆಯನ್ನು ನೆಚ್ಚಬೇಕೋ, ವಾತಾವರಣದ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವ ಹವಾಮಾನ ಮಾದರಿಯನ್ನೋ ಎಂದು ಕೇಳಿದ್ದೀರಿ. ಆಗಿಹೋದ ಬದಲಾವಣೆಯನ್ನು ಗುರುತಿಸುವುದಾದರೆ ಭಾರತೀಯ ಹವಾಮಾನ ಇಲಾಖೆಯ 1901ರಿಂದೀಚಿನ ದೈನಂದಿನ ಮಳೆ ದಾಖಲೆಯಿಂದಲೇ ತೊಡಗಿ. ಆದರೆ ಮಳೆಮಾಪಕದ ಪಕ್ಕದಲ್ಲಿ ಮರವೊಂದು ಬೆಳೆದು ಹನಿಗಳನ್ನು ತಡೆದರೂ ಅಂಕಿಗಳಲ್ಲಿ ಸುಳ್ಳು ಇಳಿಕೆ ಕಾಣಿಸುವುದರಿಂದ, ಆ ಕೇಂದ್ರದ ಚರಿತ್ರೆಯನ್ನೂ ಓದಲೇಬೇಕು. ಸ್ಥಳದ ಸೂಕ್ಷ್ಮತೆಯಲ್ಲೂ ಅಳತೆಯೇ ಮೇಲು: ಅನೇಕ ಜಾಗತಿಕ ಮಾದರಿಗಳು ಲೆಕ್ಕಕ್ಕಾಗಿ ಭೂಮಿಯನ್ನು ಹಂಚಿಕೊಳ್ಳುವ ಒಂದೊಂದು ಚೌಕವೂ ಸುಮಾರು 100 ಕಿಲೋಮೀಟರ್ ಅಗಲವಿದ್ದು, ಆಗುಂಬೆಯ ಜಡಿಮಳೆಯನ್ನೂ ಶಿವಮೊಗ್ಗ ನಗರದ ಸಾಧಾರಣ ಮಳೆಯನ್ನೂ ಒಂದೇ ಸರಾಸರಿಯಲ್ಲಿ ಕರಗಿಸಿಬಿಡಬಲ್ಲದು. ಕಾರಣ ಹುಡುಕುವವರಿಗೆ ಮಾತ್ರ ಮಾದರಿ ಅನಿವಾರ್ಯ, ಏಕೆಂದರೆ ಹಸಿರುಮನೆ ಅನಿಲಗಳು ಏರದೇ ಇದ್ದ ಭೂಮಿಯನ್ನು ಯಾವ ಮಾಪಕವೂ ಅಳೆಯಲಾರದು. 2050ರ ಅಂದಾಜಿಗೂ ಅದೇ ದಾರಿ. ಆದರೆ ಹಲವು ಮಾದರಿಗಳನ್ನು ತೆಗೆದುಕೊಂಡು, ಹಿಂದಿನ ಮಳೆಯನ್ನು ಅವು ಎಷ್ಟು ಸರಿಯಾಗಿ ತೋರಿಸುತ್ತವೆಂದು ದಾಖಲೆಯೊಡನೆ ಒರೆಹಚ್ಚಿ ನೋಡಿ.