ಬ್ಯಾಂಕ್ ಸಾಲದ ಮೇಲೆ ಮಾರುವವರ ಸಾಲ: ಸಹಿಗೆ ಮೊದಲು ಎರಡೂ ಪತ್ರ ಅಕ್ಕಪಕ್ಕ ಇಟ್ಟು ಓದಿ

ಬಾಡಿಗೆಗೆ ಕೊಡಲೆಂದು ನಾಲ್ಕು ಮನೆಗಳಿದ್ದ ಕಟ್ಟಡ ಕೊಂಡೆ. ಬೆಲೆಯ ನೂರರಲ್ಲಿ 75 ಭಾಗ ಬ್ಯಾಂಕ್ ಸಾಲ, 10 ಭಾಗ ನನ್ನ ಉಳಿತಾಯ. ಉಳಿದ 15 ಭಾಗಕ್ಕೆ ಮಾರುವವರೇ ಸಾಲ ಕೊಟ್ಟರು: ಐದು ವರ್ಷ ಬರೀ ಬಡ್ಡಿ, ಆಮೇಲೆ ಅಸಲು ಒಂದೇ ಗಂಟಿನಲ್ಲಿ. ಬ್ಯಾಂಕಿಗೆ ಏನನ್ನೂ ಮುಚ್ಚಿಡಲಿಲ್ಲ. (ಯಾರಾದರೂ "ಬ್ಯಾಂಕಿಗೆ ಹೇಳೋದು ಬೇಡ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಅರ್ಜಿಯಲ್ಲಿ ಸಾಲ ಮರೆಮಾಚುವುದು ವಂಚನೆ.) ಆದರೂ ಸಿಕ್ಕಿಹಾಕಿಕೊಂಡೆ.

ಖರ್ಚು ಕಳೆದು ತಿಂಗಳಿಗೆ 100 ಬಾಡಿಗೆ ಕೈಗೆ ಬರುತ್ತದೆ ಅಂದುಕೊಳ್ಳಿ. ಬ್ಯಾಂಕ್ ಕಂತಿಗೆ 80, ಮಾರಿದವರ ಬಡ್ಡಿಗೆ 16. ಉಳಿಯುತ್ತಿದ್ದದ್ದು 4, ವರ್ಷಕ್ಕೆ 48. ಒಂದು ಮನೆ ಎರಡು ತಿಂಗಳು ಖಾಲಿ ಬಿದ್ದರೆ ಅಷ್ಟೂ ಹೋಯಿತು. ಎರಡನೇ ವರ್ಷ ಎರಡು ಮನೆಗಳು ನಾಲ್ಕು ತಿಂಗಳು ಖಾಲಿ ಬಿದ್ದವು. ಬ್ಯಾಂಕ್ ಕಂತು ತಪ್ಪಿತು.

ಆ ರಾತ್ರಿ ಎರಡೂ ಪತ್ರಗಳನ್ನು ಮೊದಲ ಸಲ ಅಕ್ಕಪಕ್ಕ ಹರಡಿಕೊಂಡು, ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದಿದೆ. ಬ್ಯಾಂಕಿನ ಪತ್ರದಲ್ಲಿ: ನಮ್ಮ ಕಂತು ಬಾಕಿ ಇರುವಾಗ ಮಾರಿದವರಿಗೆ ಏನೂ ಕೊಡುವಂತಿಲ್ಲ. ಮಾರಿದವರ ಪತ್ರದಲ್ಲಿ: ಬಡ್ಡಿ 15 ದಿನ ತಡವಾದರೆ ಪೂರ್ತಿ ಅಸಲು ಕೂಡಲೇ ಕಟ್ಟಬೇಕು. ಒಂದನ್ನು ಪಾಲಿಸಿದರೆ ಇನ್ನೊಂದು ಮುರಿಯುತ್ತದೆ. ಎರಡರ ಕೆಳಗೂ ನನ್ನದೇ ಸಹಿ. ಬ್ಯಾಂಕಿನ ಅಡಮಾನಕ್ಕೇ ಮೊದಲ ಹಕ್ಕು ಎಂಬ ಪತ್ರಕ್ಕೆ ಮಾರಿದವರು ಸಹಿ ಹಾಕಿದ್ದರು, ನಿಜ. ಬಾಕಿ ಇದ್ದಾಗ ಬಡ್ಡಿಗೆ ಕಾಯಬೇಕು ಎಂಬ ಮಾತು ಅದರಲ್ಲಿರಲಿಲ್ಲ.

ಬಡ್ಡಿ ನಿಂತ ಹದಿನಾರನೇ ದಿನ ಅಸಲು ಕೇಳಿ ಮಾರಿದವರಿಂದ ನೋಟಿಸ್ ಬಂತು. ಹೊಸ ಸಾಲ ತೆಗೆದು ತೀರಿಸೋಣವೆಂದರೆ ಲೆಕ್ಕ ಕೂಡಲಿಲ್ಲ. 8% ಬಡ್ಡಿಯ 20 ವರ್ಷದ ಸಾಲದಲ್ಲಿ ಶುರುವಿನ ಕಂತುಗಳೆಲ್ಲ ಹೆಚ್ಚಾಗಿ ಬಡ್ಡಿಗೇ ಹೋಗುತ್ತವೆ. ಎರಡು ವರ್ಷ ಕಟ್ಟಿದರೂ 75 ಇಳಿದದ್ದು ಸುಮಾರು 72ಕ್ಕೆ. ಅದಕ್ಕೆ 15 ಸೇರಿದರೆ 87. ಬ್ಯಾಂಕ್ ಕೊಡುವುದು ಬೆಲೆಯ 75 ಭಾಗ ಮಾತ್ರ. ಹೇಗೋ ಐದು ವರ್ಷ ದೂಡಿದ್ದರೂ 66ಕ್ಕೆ 15 ಸೇರಿ 81 ಆಗುತ್ತಿತ್ತು. ಕಟ್ಟಡದ ಬೆಲೆ ಏರದಿದ್ದರೆ ಆಗಲೂ ದಾರಿ ಇರಲಿಲ್ಲ. ಇದನ್ನು ಕೊಳ್ಳುವ ಮೊದಲೇ ಒಂದು ಹಾಳೆಯಲ್ಲಿ ಹಾಕಿ ನೋಡಬಹುದಿತ್ತು.

ಅವಸರದಲ್ಲಿ ಮಾರಿದೆ. ನನ್ನ 10 ಭಾಗ ವಾಪಸ್ ಬರಲಿಲ್ಲ.

ಇಂಥ ವ್ಯವಹಾರದ ಹೊಸ್ತಿಲಲ್ಲಿ ಇದ್ದೀರಾ? ಎರಡೂ ಪತ್ರಗಳನ್ನು ಒಬ್ಬರೇ ವಕೀಲರ ಕೈಗೆ, ಒಟ್ಟಿಗೆ ಕೊಡಿ. ಬ್ಯಾಂಕ್ ತಡೆದ ತಿಂಗಳ ಬಡ್ಡಿ ಮುಂದಕ್ಕೆ ಹೋಗುತ್ತದೆ, ಅದನ್ನು ಸುಸ್ತಿ ಎಂದು ಎಣಿಸುವುದಿಲ್ಲ ಎಂದು ಮಾರುವವರಿಂದ ಬರೆಸಿಕೊಳ್ಳಿ. ಅಸಲಿನ ಗಡುವನ್ನು ಕನಿಷ್ಠ ಎರಡು ವರ್ಷ ವಿಸ್ತರಿಸಿಕೊಳ್ಳುವ ಹಕ್ಕನ್ನೂ ಅದೇ ಪತ್ರದಲ್ಲಿ ಕೇಳಿ. ಅವರು ಒಪ್ಪದಿದ್ದರೆ ಆ ಕಟ್ಟಡ ಬಿಟ್ಟುಬಿಡಿ.